ತೊಗಲಿನ ಬ್ಯಾಗು, ಮನೆಯ ಮೆಷಿನ್ನು

ಬಟ್ಟೆಯಲ್ಲಿ ಹೊಲಿಗೆ ಡೊಂಕಾದರೆ ಬಿಚ್ಚಿ ಇನ್ನೊಮ್ಮೆ ಹಾಕಬಹುದು. ಮೇಲೊಂದು ಇಸ್ತ್ರಿ ಬಿದ್ದರೆ ಗುರುತೂ ಉಳಿಯುವುದಿಲ್ಲ. ಚರ್ಮದಲ್ಲಿ ಹಾಗಾಗದು. ಸೂಜಿ ಇಳಿದ ಕಡೆ ತೂತು ಬಿತ್ತೆಂದರೆ ಬಿತ್ತು. ಅದೇ ಜಾಗದಲ್ಲಿ ಎರಡನೆಯ ಸಾಲು ಹಾಕಹೋದರೆ ಆ ಗೆರೆಯುದ್ದಕ್ಕೂ ಚರ್ಮ ಹರಿಯುತ್ತದೆ. ಟೈಲರಿಂಗ್ ಚೆನ್ನಾಗಿ ಬಲ್ಲವರೂ ಚರ್ಮಕ್ಕೆ ಕೈಹಾಕಿದಾಗ ಮೊದಮೊದಲು ತಡವರಿಸುವುದು ಇದಕ್ಕೇ. ಅವರಿಗೆ ಹೊಲಿಗೆ ಬರುತ್ತದೆ, ಆದರೆ ಮೆಷಿನ್ ಮುಂದೆ ಬೇಗ ಕೂತುಬಿಡುತ್ತಾರೆ. ಆಯುವುದು, ಕತ್ತರಿಸುವುದು, ಹೆರೆಯುವುದು, ಅಂಟಿಸುವುದು, ಹೀಗೆ ಬ್ಯಾಗಿನ ಮುಕ್ಕಾಲು ಕೆಲಸ ಮೇಜಿನ ಮೇಲೆ ನಡೆಯುವಂಥದ್ದು. ಆದ್ದರಿಂದ ಇಲ್ಲಿ ಹೊಲಿಗೆಗಿಂತ ಹೊಲಿಗೆಯ ಮೊದಲಿನ ಮಾತೇ ಹೆಚ್ಚು ಬರಲಿದೆ.

ಇನ್ನೊಂದು ಸಂಗತಿಯನ್ನೂ ಶುರುವಿನಲ್ಲೇ ಹೇಳಿಬಿಡುತ್ತೇನೆ. ಇಷ್ಟವಾದ ಬ್ಯಾಗಿನ ಚಿತ್ರ ನೋಡಿ ಅದಕ್ಕೆ ತಕ್ಕ ಮೆಷಿನ್ ಹುಡುಕುವುದು ದುಬಾರಿ ದಾರಿ. ಇರುವ ಮೆಷಿನ್ ಏನನ್ನು ಹೊಲಿಯಬಲ್ಲದು ಎಂದು ತಿಳಿದುಕೊಂಡು ಅದಕ್ಕೆ ಒಗ್ಗುವ ಬ್ಯಾಗನ್ನು ಯೋಚಿಸಿದರೆ ಹವ್ಯಾಸ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಮೆಷಿನ್ ಯಾವುದು?

ಮನೆಯಲ್ಲಿರುವ ಉಷಾ ಅಥವಾ ಸಿಂಗರ್ ಕಾಲುಮೆಷಿನ್ನಿನಲ್ಲಿ ಚರ್ಮ ಹೊಲಿಯಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೊಲಿಯಬಹುದು, ಮಿತಿಯೊಳಗೆ. ಕಬ್ಬಿಣದ ಮೈಯ ಹಳೆಯ ಕಪ್ಪು ಮೆಷಿನ್ನು ಮೃದುವಾದ ಮೇಕೆ ಚರ್ಮದ ಎರಡು ಪದರವನ್ನು ನಿರಾತಂಕವಾಗಿ ಹೊಲಿಯುತ್ತದೆ. ಒಟ್ಟು ದಪ್ಪ ಎರಡು, ಎರಡೂವರೆ ಮಿ.ಮೀ. ಮೀರದಿದ್ದರೆ ಅದು ಗೊಣಗುವುದಿಲ್ಲ. ನಾನಾ ಬಗೆಯ ಅಲಂಕಾರಿಕ ಹೊಲಿಗೆ ಹಾಕುವ ಹಗುರ ಪ್ಲಾಸ್ಟಿಕ್ ಮೆಷಿನ್ನುಗಳಿಗಿಂತ ಈ ಕೆಲಸಕ್ಕೆ ಅಜ್ಜಿಯ ಕಾಲದ ನೇರಹೊಲಿಗೆಯ ಯಂತ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೈಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಇಳಿಸಬಹುದು, ನಿಧಾನವಾಗಿ ತುಳಿಯಬಹುದು.

ಅದರ ಮಿತಿ ಇರುವುದು ಬಲದಲ್ಲಿ ಅಷ್ಟಾಗಿ ಅಲ್ಲ, ಎಳೆಯುವ ರೀತಿಯಲ್ಲಿ. ಮನೆಯ ಮೆಷಿನ್ನಿನಲ್ಲಿ ತಳದ ಹಲ್ಲುಪಟ್ಟಿ ಮಾತ್ರ ಚರ್ಮವನ್ನು ಮುಂದಕ್ಕೆ ತಳ್ಳುತ್ತದೆ. ಮೇಲೆ ಒತ್ತಿ ಹಿಡಿಯುವ ಕಾಲು, ಅಂದರೆ ಪ್ರೆಷರ್ ಫೂಟ್, ಸುಮ್ಮನೆ ಕೂತಿರುತ್ತದೆ. ಬಟ್ಟೆಯಾದರೆ ಅದರಡಿ ಜಾರಿಕೊಂಡು ಹೋಗುತ್ತದೆ, ಚರ್ಮ ಕಚ್ಚಿಕೊಳ್ಳುತ್ತದೆ. ಕೆಳಪದರ ಮುಂದೆ ಸಾಗಿ ಮೇಲ್ಪದರ ಹಿಂದೆ ಬೀಳುತ್ತದೆ. ಉದ್ದನೆಯ ಹೊಲಿಗೆ ಮುಗಿಯುವ ಹೊತ್ತಿಗೆ ಎರಡು ಅಂಚುಗಳು ಕೂಡುವುದೇ ಇಲ್ಲ. ಟೆಫ್ಲಾನ್ ಫೂಟ್ ಅಥವಾ ಸಣ್ಣ ಉರುಳೆಗಳಿರುವ ರೋಲರ್ ಫೂಟ್ ಹಾಕಿದರೆ ಈ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ಎರಡೂ ಸಿಗದಿದ್ದರೆ ಚರ್ಮದ ಮೇಲೊಂದು ಬಟರ್ ಪೇಪರ್ ಪಟ್ಟಿ ಇಟ್ಟು ಅದರ ಮೇಲೆಯೇ ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಿರಿ. ಹಳೆಯ ಪತ್ರಿಕೆ ಬೇಡ, ಮಸಿ ಅಂಟುತ್ತದೆ.

ಬ್ಯಾಗು, ಚೀಲ ಹೊಲಿಯುವ ಅಂಗಡಿಗಳಲ್ಲಿ ಕಾಣುವ ವಾಕಿಂಗ್ ಫೂಟ್ ಮೆಷಿನ್ನುಗಳು ಈ ತೊಡಕನ್ನು ಬೇರಿನಲ್ಲೇ ಬಿಡಿಸುತ್ತವೆ. ಅಲ್ಲಿ ಒಳಗೊಂದು ಹೊರಗೊಂದು, ಹೀಗೆ ಎರಡು ಪಾದಗಳಿರುತ್ತವೆ. ಸೂಜಿ ಚರ್ಮದೊಳಗೆ ಇಳಿದಿರುವಾಗಲೇ ಸೂಜಿ, ಒಳಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಅವು ಮರಳಿ ಬರುವಷ್ಟರಲ್ಲಿ ಹೊರಪಾದ ಚರ್ಮವನ್ನು ಅಲುಗದಂತೆ ಹಿಡಿದಿರುತ್ತದೆ. ಪದರಗಳು ಜಾರಲು ಅವಕಾಶವೇ ಇಲ್ಲ. ಜೂಕಿ ಕಂಪನಿಯ ಡಿಎನ್‌ಯು-1541 ಈ ಜಾತಿಯದು. ಚಪ್ಪಟೆ ಮೇಜಿನ ಬದಲು ಕೊಳವೆಯಂಥ ತೋಳಿರುವ ಎಲ್‌ಎಸ್-1341 ತರಹದವೂ ಇವೆ. ಪೆಟ್ಟಿಗೆಯಾಕಾರದ ಬ್ಯಾಗನ್ನು ಆ ತೋಳಿಗೆ ತೊಡಿಸಿ ಸುತ್ತ ಹೊಲಿಯಬಹುದು. ಹೊಸದು ಕೊಳ್ಳಲು ಮನೆಮೆಷಿನ್ನಿನ ಹಲವು ಪಟ್ಟು ದುಡ್ಡು ಬೇಕು. ಹವ್ಯಾಸಕ್ಕೆ ಸೆಕೆಂಡ್ ಹ್ಯಾಂಡ್ ಸಾಕು, ಆದರೆ ಮೋಟಾರನ್ನು ನೋಡಿ ಕೊಳ್ಳಿ. ಹಳೆಯ ಕ್ಲಚ್ ಮೋಟಾರು ಕಾರ್ಖಾನೆಯ ವೇಗಕ್ಕೆ ಮಾಡಿದ್ದು, ಪೆಡಲ್ ಮುಟ್ಟಿದ ಕೂಡಲೇ ಓಟ ಕೀಳುತ್ತದೆ. ಅದನ್ನು ತೆಗೆಸಿ ಸರ್ವೋ ಮೋಟಾರು ಹಾಕಿಸಿದರೆ ವೇಗವನ್ನು ನಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು.

ಚಪ್ಪಲಿ ರಿಪೇರಿಯವರ ಬಳಿ ಇರುವ, ಪಾದವನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದಾದ ಉದ್ದ ತೋಳಿನ ಯಂತ್ರವನ್ನು ನೀವು ನೋಡಿರಬಹುದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸಿಂಗರ್ 29ಕೆ ಆ ವಂಶದ ಹೆಸರುವಾಸಿ ಯಂತ್ರ. ಕೈಯಲ್ಲಿ ತಿರುಗಿಸುವ ಅಗ್ಗದ ಚೀನಾ ಮೆಷಿನ್ನುಗಳೂ ಅದೇ ಬಗೆಯ ಕೆಲಸಕ್ಕಾಗಿ ಬಂದವು. ಹರಿದಲ್ಲಿ ತೇಪೆ ಹಾಕಲು ಅವುಗಳಿಗೆ ಸಾಟಿಯಿಲ್ಲ. ಹೊಸ ಬ್ಯಾಗಿನ ಉದ್ದುದ್ದ ನೇರ ಹೊಲಿಗೆಗೆ ಮಾತ್ರ ಅವನ್ನು ನೆಚ್ಚಿಕೊಳ್ಳಬೇಡಿ. ಒಂದು ಕೈ ಚಕ್ರಕ್ಕೆ ಹೋದರೆ ಚರ್ಮ ಹಿಡಿಯಲು ಒಂದೇ ಕೈ ಉಳಿಯುತ್ತದೆ, ಮೇಲಿನ ಪಾದದ ಹಲ್ಲು ಮೇಲ್ಮೈಯಲ್ಲಿ ಅಚ್ಚೊತ್ತುತ್ತದೆ.

ಸೂಜಿ, ದಾರ

ಇಲ್ಲಿ ಕಂಜೂಸುತನ ಬೇಡ. ಬಟ್ಟೆಯ ಸೂಜಿಯ ತುದಿ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುತ್ತದೆ. ಚರ್ಮದಲ್ಲಿ ಎಳೆಯೇ ಇಲ್ಲ, ಸೂಜಿಯೇ ಕೊಯ್ದು ದಾರಿ ಮಾಡಬೇಕು. ಅದಕ್ಕಾಗಿ ಲೆದರ್ ಸೂಜಿಯ ತುದಿ ಚಿಕ್ಕ ಅಲಗಿನಂತಿರುತ್ತದೆ. ಮನೆಮೆಷಿನ್ನಿಗೆ ಇದು 90/14, 100/16, 110/18 ಅಳತೆಗಳಲ್ಲಿ ಸಿಗುತ್ತದೆ. ತೆಳು ಮೇಕೆ ಚರ್ಮಕ್ಕೆ 100/16ರಿಂದ ಶುರುಮಾಡಿ. ವಾಕಿಂಗ್ ಫೂಟ್ ಮೆಷಿನ್ನಿನ ಸೂಜಿಯ ಜಾತಿಯೇ ಬೇರೆ, 135×17 ಎಂದು ಕೇಳಬೇಕು. ಅದೇ ಜಾತಿಯಲ್ಲಿ ಚರ್ಮ ಕೊಯ್ಯುವ ತುದಿಯದ್ದಕ್ಕೆ 135×16 ಎನ್ನುತ್ತಾರೆ. ಗೊಂದಲವಾದರೆ ಮೆಷಿನ್ನಿನ ಹಳೆಯ ಸೂಜಿಯನ್ನು ಬಿಚ್ಚಿಕೊಂಡು ಅಂಗಡಿಗೆ ಒಯ್ದು ತೋರಿಸುವುದೇ ಸರಿ.

ದಾರ ಪಾಲಿಯೆಸ್ಟರ್ ಅಥವಾ ನೈಲಾನಿನದಾಗಿರಲಿ, ಬಾಂಡೆಡ್ ಎಂದು ಬರೆದಿದ್ದರೆ ಒಳ್ಳೆಯದು. ಮೇಲಿನ ಲೇಪ ಎಳೆಗಳನ್ನು ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಬಿಸಿಲಿಗೆ ಒಡ್ಡಿಕೊಳ್ಳುವ ಬ್ಯಾಗಿಗೆ ಪಾಲಿಯೆಸ್ಟರ್ ಹೆಚ್ಚು ಕಾಲ ಬಾಳುತ್ತದೆ. ಉಂಡೆಯ ಮೇಲಿನ ಟಿಕೆಟ್ ನಂಬರು ಚಿಕ್ಕದಾದಷ್ಟೂ ದಾರ ದಪ್ಪ ಎಂಬುದು ನೆನಪಿರಲಿ, ಹೊಸಬರು ಇದನ್ನು ತಿರುವುಮುರುವು ಹಿಡಿಯುತ್ತಾರೆ. 40ನೇ ಟಿಕೆಟ್ಟಿನ ದಾರಕ್ಕೆ 110/18 ಸೂಜಿ, 30ಕ್ಕೆ 125/20, 20ಕ್ಕೆ 140/22 ಹೊಂದುತ್ತವೆ. ಕೊನೆಯ ಎರಡು ಜೋಡಿ ದೊಡ್ಡ ಮೆಷಿನ್ನಿಗೆ. ಮನೆಯದಕ್ಕೆ 40 ಕೊನೆಯ ಮೆಟ್ಟಿಲು.

ಹೊಲಿಗೆಯ ಉದ್ದ ಮೂರೂವರೆಯಿಂದ ನಾಲ್ಕು ಮಿ.ಮೀ. ಇರಲಿ. ಒತ್ತೊತ್ತಾಗಿ ಹಾಕಿದರೆ ಗಟ್ಟಿ ಎಂಬುದು ಬಟ್ಟೆಯ ಲೆಕ್ಕ. ಚರ್ಮದಲ್ಲಿ ಒತ್ತು ಹೊಲಿಗೆ ಅಂಚೆಚೀಟಿಯ ಹಾಳೆಯ ತೂತುಸಾಲಿನಂತಾಗಿ, ಎಳೆದರೆ ಅಲ್ಲೇ ಕಿತ್ತುಬರುತ್ತದೆ.

ಚರ್ಮ ಕೊಳ್ಳುವಾಗ

ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ದಾರಿ. ಮರದ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದವಾದದ್ದು ಒಂದು, ಕ್ರೋಮಿಯಂ ಲವಣದಲ್ಲಿ ಹದವಾದದ್ದು ಇನ್ನೊಂದು. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗಳು ಮೊದಲನೆಯ ಬಗೆಯವು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿದ್ದವು. ಆ ಚರ್ಮ ಸೊಗಸಾದದ್ದು, ಬಳಸುತ್ತ ಬಳಸುತ್ತ ಬಣ್ಣ ಮಾಗುತ್ತದೆ. ಆದರೆ ಅದರ ಬಿರುಸು, ದಪ್ಪ ಕೈಹೊಲಿಗೆಗೆ ಹೇಳಿ ಮಾಡಿಸಿದ್ದು, ಮನೆಮೆಷಿನ್ನಿಗೆ ಒಗ್ಗದು. ಮೆಷಿನ್ ಬ್ಯಾಗಿಗೆ ಕ್ರೋಮ್ ಹದದ ಮೃದು ಚರ್ಮ ಕೇಳಿ. ಮನೆಮೆಷಿನ್ನಿಗೆ 0.8ರಿಂದ 1 ಮಿ.ಮೀ. ದಪ್ಪದ ಮೇಕೆ ಚರ್ಮ, ವಾಕಿಂಗ್ ಫೂಟಿಗೆ 1.2ರಿಂದ 1.6 ಮಿ.ಮೀ. ದಪ್ಪದ ಎಮ್ಮೆ ಚರ್ಮ. ಎಣ್ಣೆಯಂಶವಿದ್ದು ಮಡಿಚಿದಲ್ಲಿ ಬಣ್ಣ ತಿಳಿಯಾಗುವ ಒಂದು ಬಗೆಯನ್ನು ವ್ಯಾಪಾರದಲ್ಲಿ ಹಂಟರ್ ಎನ್ನುತ್ತಾರೆ. ಗೀರು ಬಿದ್ದರೂ ಬೆರಳಲ್ಲಿ ತಿಕ್ಕಿದರೆ ಮರೆಯಾಗುವುದರಿಂದ ಹೊಸಬರಿಗೆ ಅದು ಒಳ್ಳೆಯ ಗೆಳೆಯ.

ಚರ್ಮ ಚದರ ಅಡಿಯ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಅಳತೆಯ ಅಂಕಿ ಸಾಮಾನ್ಯವಾಗಿ ಹಿಂಬದಿಯಲ್ಲೇ ಬರೆದಿರುತ್ತದೆ. ಚೆನ್ನೈನ ಪೆರಿಯಮೇಟ್, ಮುಂಬೈನ ಧಾರಾವಿ ಈ ವ್ಯಾಪಾರದ ದೊಡ್ಡ ಪೇಟೆಗಳು. ಎಲ್ಲಿ ಕೊಂಡರೂ ಚರ್ಮವನ್ನು ಪೂರ್ತಿ ಹರಡಿಸಿ, ಬೆಳಕಿಗೆ ಹಿಡಿದು ನೋಡಿ. ಮುಳ್ಳುಗೀರು, ಉಣ್ಣೆ ಕಚ್ಚಿದ ಕಲೆ, ಸಣ್ಣ ತೂತು ಇದ್ದೇ ಇರುತ್ತವೆ. ಅವು ಅಸಲಿ ಚರ್ಮದ ಸಾಕ್ಷಿಗಳೇ, ಆದರೆ ಬ್ಯಾಗಿನ ಎದುರು ಮುಖದಲ್ಲಿ ಬೇಡ. ಬೆನ್ನಹುರಿಯ ಸಾಲಿನಲ್ಲಿ ಚರ್ಮ ಗಟ್ಟಿ, ಹೊಟ್ಟೆಯ ಕಡೆ ಸಡಿಲ. ಹಿಡಿಯ ಪಟ್ಟಿಗಳನ್ನು ಬೆನ್ನಹುರಿಗೆ ಸಮಾನಾಂತರವಾಗಿಯೇ ಕತ್ತರಿಸಬೇಕು. ಹೊಟ್ಟೆಯ ಭಾಗದಿಂದ ತೆಗೆದ ಹಿಡಿ ಭಾರ ಹೊರುತ್ತ ಹೊರುತ್ತ ಉದ್ದವಾಗುತ್ತ ಹೋಗುತ್ತದೆ.

ಅಭ್ಯಾಸಕ್ಕೆ ತುಂಡು ಚರ್ಮ ಸಾಕು. ಅದೂ ಕೈಗೆ ಬರುವ ಮುನ್ನ ರೆಕ್ಸಿನ್ ಮೇಲೆ ಗೆರೆ ಎಳೆದು ಹೊಲಿದು ನೋಡಿ, ಅದರಲ್ಲೂ ತೂತು ಉಳಿಯುತ್ತದೆ. ಮನೆಯಲ್ಲಿ ತೊಗಲೇ ಬೇಡವೆಂದು ಹಿರಿಯರು ಹಟ ಹಿಡಿದರೆ, ಮುಂದೆ ಹೇಳುವ ಬ್ಯಾಗನ್ನು ದಪ್ಪ ಕ್ಯಾನ್ವಾಸಿನಲ್ಲೂ ಹೊಲಿಯಬಹುದು.

ಹೆರೆಯುವುದು, ಅಂಟಿಸುವುದು

ಹವ್ಯಾಸಿಗಳ ಕೆಲಸಕ್ಕೂ ಕಸುಬುದಾರರ ಕೆಲಸಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಹುಟ್ಟುವುದು ಇಲ್ಲೇ. ಒಂದು ಮಿ.ಮೀ. ಚರ್ಮ ತೆಳುವೆಂದೇ ತೋರುತ್ತದೆ. ಆದರೆ ಪಕ್ಕದ ಹೊಲಿಗೆ ಮತ್ತು ತಳದ ಹೊಲಿಗೆ ಕೂಡುವ ಮೂಲೆಯಲ್ಲಿ ನಾಲ್ಕು ಪದರ ಸೇರಿ ನಾಲ್ಕು ಮಿ.ಮೀ. ಆಗಿರುತ್ತದೆ. ಮನೆಮೆಷಿನ್ನು ಅಲ್ಲಿ ನಿಲ್ಲುತ್ತದೆ, ಇಲ್ಲವೇ ಹೊಲಿಗೆ ಹಾರಿಸುತ್ತದೆ, ಸೂಜಿ ಮುರಿಯುವುದೂ ಉಂಟು. ಹೊಲಿಗೆಗೆ ಬಿಟ್ಟ ಅಂಚನ್ನು ಒಳಮೈ ಕಡೆಯಿಂದ ಹೆರೆದು ಅರ್ಧಕ್ಕೆ ಇಳಿಸಿದರೆ ಅದೇ ಮೂಲೆ ಮೂರು ಮಿ.ಮೀ.ಗೆ ಬರುತ್ತದೆ. ಕೈಚಕ್ರದಲ್ಲಿ ನಿಧಾನವಾಗಿ ದಾಟಿಸಬಹುದು.

ಹೆರೆಯಲು ರಂಪಿಗೆಯೇ ಬೇಕು, ಅದರ ಅಲಗು ಗಡ್ಡ ಬೋಳಿಸುವಷ್ಟು ಹರಿತವಿರಬೇಕು. ಅಡಿಗೆ ಗಾಜು ಅಥವಾ ನುಣುಪು ಗ್ರಾನೈಟಿನ ತುಂಡು. ಅಲಗನ್ನು ಮಲಗಿಸಿದಂತೆ ಹಿಡಿದು, ಅಂಚಿನ ಕಡೆಗೆ ಜಾರಿಸುತ್ತ ಸಿಪ್ಪೆ ಎಬ್ಬಿಸಬೇಕು. ಮೊಂಡು ಅಲಗು ಚರ್ಮವನ್ನು ಹೆರೆಯುವುದಿಲ್ಲ, ಎಳೆದು ಹಿಗ್ಗಿಸುತ್ತದೆ. ವಿಡಿಯೊ ನೋಡಿ ಇದು ಬರುವುದು ಕಷ್ಟ. ಊರಿನ ಸರ್ಕಲ್ಲಿನಲ್ಲಿ ಚಪ್ಪಲಿ ಹೊಲಿಯುವವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಕೈಯ ಓರೆ ಅರ್ಥವಾಗುತ್ತದೆ. ಕಲಿಸಿದ್ದಕ್ಕೆ ಅವರ ಅರ್ಧ ದಿನದ ದುಡಿಮೆಯಷ್ಟನ್ನಾದರೂ ಕೊಡಿ. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಅಷ್ಟು ಹಳೆಯ ವಿದ್ಯೆಯನ್ನು ಊರಾಚೆ ಇಟ್ಟಿದ್ದ ಸಮಾಜ ಇಂದು ಅದನ್ನೇ ವಾರಾಂತ್ಯದ ಹವ್ಯಾಸ ಮಾಡಿಕೊಂಡಿದೆ. ಬಲ್ಲವರಿಗೆ ಗುರುಕಾಣಿಕೆ ಕೊಡುವುದರಲ್ಲಿ ಔದಾರ್ಯವೇನೂ ಇಲ್ಲ.

ಅಂಟಿನ ವಿಷಯ ಸುಲಭ. ಚರ್ಮಕ್ಕೆ ಗುಂಡುಸೂಜಿ ಚುಚ್ಚುವಂತಿಲ್ಲವಾದ್ದರಿಂದ ಹೊಲಿಯುವ ಮೊದಲು ಅಂಟಿಸಿಕೊಳ್ಳಬೇಕು. ಫೆವಿಕಾಲ್ ಎಸ್‌ಆರ್ ತರಹದ ರಬ್ಬರ್ ಸೊಲ್ಯೂಷನ್ನನ್ನು ಎರಡೂ ಮೈಗೆ ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹೊಳಪಿನ ಮೈಗೆ ಅಂಟಿಸುವುದಾದರೆ ಆ ಪಟ್ಟಿಯನ್ನಷ್ಟೇ ಸ್ಯಾಂಡ್‌ಪೇಪರಿನಿಂದ ಒರಟು ಮಾಡಿಕೊಳ್ಳಿ. ಕಿಟಕಿ ತೆರೆದಿಡಿ. ಅಂಟಿನ ಆವಿ ತಲೆ ತಿರುಗಿಸುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ, ಅಡುಗೆಮನೆ ಮತ್ತು ದೇವರ ದೀಪದಿಂದ ದೂರ ಕೂರಿ. ಅಂಟು ಒಣಗುವ ಮುನ್ನ ಹೊಲಿದರೆ ಸೂಜಿಗೆ ಮೆತ್ತಿಕೊಂಡು ಹೊಲಿಗೆ ಹಾರತೊಡಗುತ್ತದೆ.

ಮೊದಲ ಬ್ಯಾಗು

ಮೊದಲ ಬ್ಯಾಗಿಗೆ ಝಿಪ್ಪಿಲ್ಲದ ತೆರೆಬಾಯಿಯ ಟೋಟ್ ಸರಿ. ದಪ್ಪ ರಟ್ಟಿನಲ್ಲಿ 46 ಸೆಂ.ಮೀ. ಅಗಲ, 44 ಸೆಂ.ಮೀ. ಎತ್ತರದ ಆಯತ ಕತ್ತರಿಸಿ, ಕೆಳಗಿನ ಎರಡೂ ಮೂಲೆಗಳಲ್ಲಿ 5 ಸೆಂ.ಮೀ. ಚೌಕ ತೆಗೆದುಬಿಡಿ. ಇದೇ ಅಚ್ಚು. ಇದನ್ನಿಟ್ಟು ಚರ್ಮದಲ್ಲಿ ಎರಡು ತುಂಡು. ಎಲ್ಲ ಕಡೆ 1 ಸೆಂ.ಮೀ. ಹೊಲಿಗೆಗೆ, ಮೇಲೆ 2 ಸೆಂ.ಮೀ. ಮಡಿಕೆಗೆ ಹೋದರೆ ತಳ 34 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ್ದಾಗಿ, ಎತ್ತರ 36 ಸೆಂ.ಮೀ. ನಿಲ್ಲುತ್ತದೆ. ಒಂದು ಫೈಲು, ಊಟದ ಡಬ್ಬಿ, ಛತ್ರಿ ಹಿಡಿಸುವಷ್ಟು. ಹಿಡಿ ಸೇರಿ ಐದು ಚದರ ಅಡಿ ಚರ್ಮ ಬೇಕು, ಅಂಚು ಕಲೆಗಳ ವ್ಯರ್ಥ ಸೇರಿಸಿ ಏಳು ಕೊಳ್ಳಿ. ಮೇಕೆ ಚರ್ಮ ಚಿಕ್ಕದಾದ್ದರಿಂದ ಒಂದೇ ಬಣ್ಣದ ಎರಡನ್ನು ಜೋಡಿ ನೋಡಿ ಆರಿಸಬೇಕಾಗುತ್ತದೆ.

ಕತ್ತರಿಗಿಂತ ಹರಿತ ಕಟರ್ ಮತ್ತು ಉಕ್ಕಿನ ಪಟ್ಟಿ ಮೇಲು. ಗುರುತನ್ನು ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಒಳಮೈ ಮೇಲೆ ಹಾಕಿ. ಹಿಡಿಗೆ 65 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ತೆಗೆದು, ಎರಡೆರಡನ್ನು ಬೆನ್ನಿಗೆ ಬೆನ್ನು ಅಂಟಿಸಿ, ಆಮೇಲೆ 2.5 ಸೆಂ.ಮೀ.ಗೆ ಸವರಿ. ಅಂಟಿಸಿದ ನಂತರ ಕತ್ತರಿಸಿದರೆ ಎರಡೂ ಪದರದ ಅಂಚು ಒಂದೇ ಗೆರೆಗೆ ಬರುತ್ತದೆ. ಅಂಚಿನಿಂದ 3 ಮಿ.ಮೀ. ಒಳಗೆ ಸುತ್ತ ಹೊಲಿಗೆ. ಮೆಷಿನ್ನಿನ ಮೇಜಿಗೆ ಒಂದು ಟೇಪಿನ ತುಂಡು ಅಂಟಿಸಿಕೊಂಡರೆ ಅದೇ ದಾರಿ ತೋರಿಸುತ್ತದೆ.

ಇನ್ನು ಕ್ರಮ. ಚಪ್ಪಟೆಯಾಗಿರುವಾಗ ಹೊಲಿಯಬಹುದಾದ್ದನ್ನೆಲ್ಲ ಚಪ್ಪಟೆಯಾಗಿರುವಾಗಲೇ ಹೊಲಿದು ಮುಗಿಸಿ. ಹೊರಜೇಬು ಬೇಕೆಂದರೆ ಈಗ, ಹಿಡಿ ಈಗ. ಹಿಡಿಯ ತುದಿಗಳನ್ನು ನಡುಗೆರೆಯಿಂದ ಎರಡೂ ಕಡೆ 7 ಸೆಂ.ಮೀ. ದೂರದಲ್ಲಿಟ್ಟು, ಮೇಲಂಚಿನಿಂದ 4.5 ಸೆಂ.ಮೀ. ಕೆಳಗೆ ಹೊಲಿಗೆ ಶುರುಮಾಡಿ. ಬಾಯಿಯ ಮಡಿಕೆ ಹೊಲಿಯುವಾಗ ಹಿಡಿಯನ್ನು ಕೆಳಕ್ಕೆ ಬಗ್ಗಿಸಲು ಆ ಜಾಗ ಬೇಕು. ಹಿಂಬದಿಗೆ ಚರ್ಮದ್ದೇ ಒಂದು ತೇಪೆ ಕೊಟ್ಟರೆ ಭಾರಕ್ಕೆ ಕಿತ್ತುಬರುವುದಿಲ್ಲ. ಬಳಿಕ ಎರಡು ತುಂಡುಗಳನ್ನು ಮುಖಕ್ಕೆ ಮುಖ ಹಚ್ಚಿ ಪಕ್ಕ, ತಳ ಹೊಲಿಯಿರಿ. ಒಳಗೆ ಉಳಿದ ಅಂಚುಗಳನ್ನು ಎರಡು ಕಡೆಗೆ ಬಿಡಿಸಿ, ಅಂಟಿಸಿ, ಸುತ್ತಿಗೆಯಿಂದ ತಟ್ಟಿ ಕೂರಿಸಿ. ಇಸ್ತ್ರಿ ಪೆಟ್ಟಿಗೆಯ ಕೆಲಸವನ್ನು ಇಲ್ಲಿ ಸುತ್ತಿಗೆ ಮಾಡುತ್ತದೆ. ಆಮೇಲೆ ಕತ್ತರಿಸಿದ ಮೂಲೆಯಲ್ಲಿ ಪಕ್ಕದ ಹೊಲಿಗೆಯನ್ನು ತಳದ ಹೊಲಿಗೆಗೆ ತಾಗಿಸಿ ಅಡ್ಡ ಹೊಲಿದರೆ ಪೆಟ್ಟಿಗೆಯ ತಳ ಸಿದ್ಧ. ಹೆರೆದದ್ದು ಸಾರ್ಥಕವಾಯಿತೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ.

ಮೂಲೆ ತಿರುಗಿಸುವಾಗ ಸೂಜಿ ಪೂರ್ತಿ ಕೆಳಗಿಳಿದು ಕೂದಲೆಳೆಯಷ್ಟು ಮೇಲೇಳತೊಡಗಿದಾಗ ನಿಲ್ಲಿಸಿ, ಪಾದ ಎತ್ತಿ, ಚರ್ಮ ತಿರುಗಿಸಿ. ಅಷ್ಟರಲ್ಲಿ ಕೆಳಗಿನ ಕೊಕ್ಕೆ ದಾರವನ್ನು ಹಿಡಿದಿರುವುದರಿಂದ ಹೊಲಿಗೆ ತಪ್ಪುವುದಿಲ್ಲ. ಕೊನೆಯಲ್ಲಿ ಸರಸರ ಹಿಂದೆ ಮುಂದೆ ಓಡಿಸಬೇಡಿ. ಹೊಲಿಗೆಯನ್ನು ಹಿಮ್ಮುಖ ಮಾಡಿಕೊಂಡು, ಕೈಚಕ್ರದಿಂದಲೇ ಅವೇ ತೂತುಗಳಲ್ಲಿ ಎರಡು ಹೊಲಿಗೆ ಇಳಿಸಿ, ಅಥವಾ ದಾರವನ್ನು ಒಳಬದಿಗೆಳೆದು ಗಂಟು ಹಾಕಿ, ತುದಿಯನ್ನು ಲೈಟರಿನ ಬಿಸಿಯಲ್ಲಿ ಕರಗಿಸಿ ಒತ್ತಿಬಿಡಿ.

ಒಳಗೆ ಹತ್ತಿಯ ಅಸ್ತರನ್ನು ಬೇರೆಯಾಗಿ ಹೊಲಿದು ಇಳಿಬಿಟ್ಟು, ಚರ್ಮದ ಬಾಯಂಚನ್ನು ಅದರ ಮೇಲೆ ಮಡಿಚಿ ಸುತ್ತ ಹೊಲಿದರೆ ಮುಗಿಯಿತು. ಅಸ್ತರಿನಡಿ ತಳಕ್ಕೊಂದು ಪ್ಲಾಸ್ಟಿಕ್ ಹಾಳೆ ಇಟ್ಟರೆ ಬ್ಯಾಗು ಜೋಲುವುದಿಲ್ಲ. ಹಿಡಿಯ ಬಿಚ್ಚಂಚಿಗೆ ಎಡ್ಜ್ ಪೇಂಟ್ ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ತೊಗಟೆ ಹದದ ಚರ್ಮದ ಅಂಚನ್ನು ನೀರು ಮುಟ್ಟಿಸಿ ಮರದಿಂದ ಉಜ್ಜಿದರೆ ಹೊಳಪು ಬರುತ್ತದೆ, ಕ್ರೋಮ್ ಚರ್ಮ ಅದಕ್ಕೆ ಬಗ್ಗುವುದಿಲ್ಲ.

ಮೆಷಿನ್ ಮುನಿದಾಗ

ಎರಡು ದಾರಗಳ ಗಂಟು ಚರ್ಮದ ದಪ್ಪದ ನಡುವೆ ಕೂರಬೇಕು. ಕೆಳಗಿನ ಬಾಬಿನ್ ದಾರ ಮೇಲೆ ಇಣುಕಿದರೆ ಮೇಲಿನ ಟೆನ್ಷನ್ ಬಿಗಿ ಹೆಚ್ಚಾಗಿದೆ. ಕೆಳಗೆ ಕುಣಿಕೆಗಳು ಜೋತರೆ ಅದು ಸಡಿಲ, ಅಥವಾ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ. ಹೊಲಿಗೆ ಹಾರಿದರೆ ಮೊದಲು ಸೂಜಿ ಬದಲಿಸಿ. ಆಮೇಲೂ ಹಾರಿದರೆ, ಸೂಜಿ ಮೇಲೇಳುವಾಗ ಚರ್ಮವೂ ಅದರ ಜೊತೆ ಏಳುತ್ತಿದೆಯೇ ನೋಡಿ. ಏಳುತ್ತಿದ್ದರೆ ಪಾದದ ಒತ್ತಡ ತುಸು ಹೆಚ್ಚಿಸಬೇಕು. ತೀರಾ ಹೆಚ್ಚಿಸಿದರೆ ಚರ್ಮದ ಮೇಲೆ ಪಾದದ ಅಚ್ಚು ಬೀಳುತ್ತದೆ, ಎರಡರ ನಡುವಿನ ಹದ ಹುಡುಕಲು ತುಂಡು ಚರ್ಮವೇ ಗತಿ. ಪ್ರತಿ ಬ್ಯಾಗಿನ ಬಳಿಕ ಹಲ್ಲುಪಟ್ಟಿಯ ಕೆಳಗಿನ ಚರ್ಮದ ಪುಡಿ ಗುಡಿಸಿ, ಎಣ್ಣೆ ಬಿಡಿ. ಮುಂದಿನ ಸಲ ರವಿಕೆ ಹೊಲಿಯುವ ಮೊದಲು ಚಿಂದಿಯೊಂದರ ಮೇಲೆ ಓಡಿಸದಿದ್ದರೆ ಆ ಎಣ್ಣೆಯೆಲ್ಲ ರವಿಕೆಗೆ.

ಎರಡನೆಯ ಬ್ಯಾಗಿಗೆ ಮುನ್ನ ಲಿಡ್ಕರ್ ಮಳಿಗೆಗೆ ಹೋಗಿಬನ್ನಿ. 1976ರಲ್ಲಿ ಶುರುವಾದ ರಾಜ್ಯದ ಚರ್ಮ ಕೈಗಾರಿಕೆ ನಿಗಮದ ಮಳಿಗೆಗಳಿವು. ಬ್ಯಾಗೊಂದನ್ನು ಕೈಗೆತ್ತಿಕೊಂಡು ಬೆಲೆಚೀಟಿ ಬಿಟ್ಟು ಒಳಮಗ್ಗುಲು ನೋಡಿ: ಝಿಪ್ಪಿನ ತುದಿ ಎಲ್ಲಿ ಅಡಗಿದೆ, ಮೂಲೆಯಲ್ಲಿ ಎಷ್ಟು ಹೆರೆದಿದ್ದಾರೆ, ಯಾವ ಹೊಲಿಗೆ ಮೊದಲು ಬಿದ್ದಿದೆ. ಅಷ್ಟು ಓದಲು ಬಂದ ಮೇಲೆ ಝಿಪ್ಪಿನ ಬ್ಯಾಗಿಗೆ ಕೈಹಾಕಬಹುದು.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಬ್ಯಾಗನ್ನಾಗಲಿ ಉಳಿದ ಚರ್ಮವನ್ನಾಗಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹತ್ತಿಯ ಚೀಲದಲ್ಲಿ, ಗಾಳಿಯಾಡುವ ಕಡೆ ಇಡಿ. ಬೂಷ್ಟು ಬಂದೇ ಬಿಟ್ಟರೆ ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಚರ್ಮವನ್ನು ಮಡಿಚದೆ ಸುರುಳಿ ಸುತ್ತಿಡಿ, ಮಡಿಕೆಯ ಗೆರೆ ಹೋಗುವುದಿಲ್ಲ.